ಮೂರು ಪಟ್ಟಿಯ ಕೌದಿ: ನನ್ನ ಅನುಭವ

"ತುಂಡು ತುಂಡು ಹೊಲ್ದು ಕೂಡ್ಸಿದ್ರ ಅದು ಕೌದಿ ಅಲ್ಲವ್ವ, ಗೋಣಿಚೀಲ" ಅಂದಿದ್ದರು ನಮ್ಮ ಅತ್ತೆ. ಕೌದಿ ಅಂದರೆ ಹಳೇ ಬಟ್ಟೆಗಳನ್ನು ಪದರ ಪದರ ಇಟ್ಟು ಒತ್ತಾಗಿ ಹೊಲಿದ ಹೊದಿಕೆ; ಅದನ್ನು ನಾನು ಮೂರು ಪಟ್ಟಿಯಾಗಿ ಹೊಲಿದು ಕೂಡಿಸಲು ಹೊರಟಿದ್ದೆ. ಒಂದಾದ ಮೇಲೊಂದು ಮೂರು ಕೌದಿ ಕೆಟ್ಟಾಗ ನನಗೂ ಹಾಗೇ ಅನ್ನಿಸಿತ್ತು. ನಾಲ್ಕನೆಯದು ಕೂತಿತು. ಅದಕ್ಕೇ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಕಲಬುರಗಿಯಲ್ಲಿ ನಮ್ಮದು ಹಳೇ ಮನೆ. ಹಿಂದೆ ತೊಗರಿ ಚೀಲ ಇಡುತ್ತಿದ್ದ ಕೋಣೆಯನ್ನು ನಾನು ಹಿಡಿದುಕೊಂಡಿದ್ದೇನೆ. ಎಂಟು ಅಡಿಗೆ ಒಂಬತ್ತು ಇರಬಹುದು. ಅದರಲ್ಲೇ ಒಂದು ಮಂಚ, ಬಟ್ಟೆಯ ಟ್ರಂಕು, ಹೊಲಿಗೆ ಮಷೀನು. ನೆಲಕ್ಕೆ ಶಹಾಬಾದ್ ಪರ್ಸಿ, ಅಂದರೆ ಚಪ್ಪಡಿ ಕಲ್ಲು. ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ರೇಡಿಯೋ ಸಣ್ಣಗೆ ಹಚ್ಚಿ ಕೂತರೆ ಸಂಜೆ ಚಹಾದ ತನಕ ಯಾರೂ ಮಾತಾಡಿಸುವುದಿಲ್ಲ. ಆದರೆ ಐದು ಅಡಿಗೆ ಏಳು ಅಡಿ ಹಾಸಲು ಜಾಗವಿಲ್ಲ. ನೆಲದ ಮೇಲೆ ಬಗ್ಗಿ ಕೂರಲು ಮೊಣಕಾಲು ಕೇಳುವುದಿಲ್ಲ. ಇನ್ನು ನಮ್ಮ ಏಪ್ರಿಲ್, ಮೇ ಗೊತ್ತಲ್ಲ, 42 ಡಿಗ್ರಿ. ಮೂರು ಕಿಲೋ ಕೌದಿಯನ್ನು ತೊಡೆ ಮೇಲೆ ಹೊತ್ತು ಕೂತರೆ ಬೆಂದೇ ಹೋಗುತ್ತೇವೆ.

ಹಾಗಾಗಿ ಏಳು ಅಡಿ ಉದ್ದದ ಮೂರು ಪಟ್ಟಿ ಬೇರೆ ಬೇರೆ ಹೊಲಿದು ಆಮೇಲೆ ಕೂಡಿಸೋಣ ಅಂದುಕೊಂಡೆ. ಅಂಚಿನಿಂದ ಸುತ್ತು ಬರುತ್ತಾ ನಡುವಿಗೆ ಮುಗಿಸುವ ನಮ್ಮ ಹೆಂಗಸರಿಗೆ ಇದು ನಗುವ ವಿಷಯವೇ ಆಯಿತು.

ಮೊದಲನೆಯದು ನನ್ನ ಆಸೆಬುರುಕತನಕ್ಕೆ ಕೆಟ್ಟಿತು. ಒಳಪದರಕ್ಕೆ ಪುಕ್ಕಟೆ ಸಿಕ್ಕ ಪಾಲಿಯೆಸ್ಟರ್ ಸೀರೆ ಹಾಕಿದೆ. ಕಚ್ಚಾ ಹೊಲಿಗೆ ಎಷ್ಟು ಹಾಕಿದರೂ ಪದರ ಜಾರಿತು. ಎರಡನೆಯದಕ್ಕೆ ಹೊಸ ಕಾಟನ್ ತಂದೆ, ತೊಳೆಯಲಿಲ್ಲ. ಮೊದಲ ಒಗೆತಕ್ಕೇ ಮುದುಡಿತು. ಸಾಲದ್ದಕ್ಕೆ ಕೆಂಪು ತುಂಡಿನ ಬಣ್ಣ ಬಿಟ್ಟು, ನಮ್ಮ ಮಾವನವರ ಬಿಳಿ ಧೋತರದ ಪದರವೆಲ್ಲ ಗುಲಾಬಿ. ಎರಡೂ ಸೇರಿ ಸಾವಿರದ ಎಂಟುನೂರು, ಒಂಬೈನೂರು ಹೋಗಿರಬೇಕು. ಮನೆಯವರು ಏನೂ ಅನ್ನಲಿಲ್ಲ. ಆ ಗುಲಾಬಿ ಧೋತರ ಒಣಗುವುದನ್ನು ನೋಡಿ ನಕ್ಕರು, ಅಷ್ಟೆ.

ಮೂರನೆಯದರ ಬಟ್ಟೆ ಸರಿ ಇತ್ತು, ಆದರೆ ಪಟ್ಟಿಗಳು ಸಮ ಬರಲಿಲ್ಲ. ಒತ್ತಾಗಿ ಹೊಲಿದಷ್ಟೂ ಬಟ್ಟೆ ಎಳೆದುಕೊಳ್ಳುತ್ತದೆ, ಅದು ನಿಮಗೆ ಹೇಳಬೇಕಾಗಿಲ್ಲ. ಒಂದು ಪಟ್ಟಿ ಮೂರು ಇಂಚು ಗಿಡ್ಡ, ಇನ್ನೊಂದು ಒಂದೇ ಇಂಚು. ಯಾಕೆ ಅಂತ ವಾರಗಟ್ಟಲೆ ತಲೆ ಕೆಡಿಸಿಕೊಂಡೆ. ಕೊನೆಗೆ ಹೊಳೆಯಿತು. ಮೊದಲ ಪಟ್ಟಿ ಹೊಲಿದದ್ದು ಮಗಳ ಮದುವೆ ಮಾತುಕತೆ ನಡೆದಿದ್ದ ದಿನಗಳಲ್ಲಿ. ಸಿಟ್ಟಿನಲ್ಲಿ ದಾರ ಜಗ್ಗಿದ್ದೆ! ಈಗ ಒಂದೇ ಪಟ್ಟಿ ಮುಗಿಸಿಬಿಡುವುದಿಲ್ಲ. ಇದರಲ್ಲಿ ಹತ್ತು ಸಾಲು, ಅದರಲ್ಲಿ ಹತ್ತು ಸಾಲು, ಮತ್ತೆ ಮೂರನೆಯದರಲ್ಲಿ ಹತ್ತು. ಕೈ ಬಿಗಿಯಾದ ದಿನ ಮೂರಕ್ಕೂ ಬಿಗಿ. ನಾಲ್ಕನೆಯದರಲ್ಲಿ ಅರ್ಧ ಇಂಚಿನ ಫರಕೂ ಬರಲಿಲ್ಲ.

ಕೂಡಿಸುವ ಜಾಗದಲ್ಲಿ ಏಳುವ ದಿಣ್ಣೆಯೇ ದೊಡ್ಡ ತಲೆನೋವು. ಮಲಗಿದರೆ ಬೆನ್ನಿಗೆ ಒತ್ತುತ್ತದೆ. ಪಕ್ಕಕ್ಕೆ ನಾಲ್ಕು ಬೆರಳು ಹೊಲಿಯದೆ ಬಿಡಿ. ಒಳಗಿನ ಪದರಗಳನ್ನು ಮೆಟ್ಟಿಲಿನಂತೆ ಒಂದಕ್ಕಿಂತ ಒಂದು ಚಿಕ್ಕದು ಕತ್ತರಿಸಿ. ಎದುರು ಪಟ್ಟಿಯದು ಅದರ ಉಲ್ಟಾ. ಒಂದರ ಮೇಲೊಂದು ಕೂತಾಗ ದಪ್ಪ ಎಲ್ಲ ಕಡೆ ಒಂದೇ. ಮೇಲಿನ ಬಟ್ಟೆಯ ಕೊನೆಯ ಮಡಿಕೆ ಯಾವ ಕಡೆಗೆ, ಹೇಗೆ ತಿರುಗಿಸುತ್ತೇನೆ ಅನ್ನುವುದನ್ನು ಮಾತ್ರ ಹೇಳುವುದಿಲ್ಲ. ಅದಕ್ಕೆ ನಾನು ಎರಡು ತಿಂಗಳು ಕೊಟ್ಟಿದ್ದೇನೆ, ನೀವೂ ಒಂದಿಷ್ಟು ಕೊಡಿ. ಕೂಡಿಸಿದ ಮೇಲೆ ಮಂಚದ ಮೇಲೆ ಹಾಸಿ, ಸುತ್ತಲೂ ಅಂಚಿಗೆ ಮೂರು ಸುತ್ತು ಹೊಲಿಗೆ. ಆಗ ಒಂದೇ ಕೌದಿಯಂತೆ ಕಾಣುತ್ತದೆ. ಹಾಸುವಾಗ ಜರುಗದಂತೆ ಒಡೆದ ಪರ್ಸಿ ತುಂಡುಗಳನ್ನೇ ಭಾರ ಇಡುತ್ತೇನೆ.

ನಡುವೆ ಒಂದು ಹುಚ್ಚು. ದಾಳಿಂಬೆ ಸಿಪ್ಪೆ ಕುದಿಸಿ, ಪಟಕ (ಆಲಂ) ಹಾಕಿ ಧೋತರಕ್ಕೆ ಹಳದಿ ಬಣ್ಣ ಹಚ್ಚಲು ಹೋದೆ. ಪಾತ್ರೆ ಕಬ್ಬಿಣದ್ದು. ಹಳದಿ ಎಲ್ಲಿ, ಬೂದಿ ಹಸಿರು ಬಂತು. ಕಬ್ಬಿಣ ತಗುಲಿದರೆ ಹಾಗೇ ಅಂತೆ. ಈಗ ಆ ಬಣ್ಣ ಬೇಕೆಂದಾಗ ಬೇಕಂತಲೇ ಕಬ್ಬಿಣದ ಪಾತ್ರೆ ಇಡುತ್ತೇನೆ. ಲಂಬಾಣಿ ಕನ್ನಡಿ ಹಚ್ಚಿಯೂ ನೋಡಿದೆ. ನೋಡಲು ಚೆಂದ, ಆದರೆ ಕೂಸು ಮಲಗಿದರೆ ಕೆನ್ನೆಗೆ ಚುಚ್ಚುತ್ತದೆ. ಅದು ದಿಂಬಿಗೆ ಹೋಯಿತು.

ಖರ್ಚು ಅಂದಾಜಿಗೆ ಹೇಳುತ್ತೇನೆ. ದಾರ ಮುನ್ನೂರು, ಅಂಚಿನ ಬಟ್ಟೆ ನೂರೈವತ್ತು. ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವ ಹೆಂಗಸು ಬರುತ್ತಾಳಲ್ಲ, ಅವಳಿಂದಲೇ ಕಾಟನ್ ಸೀರೆ ಒಂದಕ್ಕೆ ಐವತ್ತರಂತೆ ಮೂರು ಕೊಂಡೆ. ಒಟ್ಟು ಆರುನೂರು. ಹೈದರಾಬಾದಿನಲ್ಲಿರುವ ಪಕ್ಕದ ಮನೆ ಹುಡುಗಿ ಎರಡೂವರೆ ಸಾವಿರ ಕೊಟ್ಟಳು. ದಿನಕ್ಕೆ ಮೂರು ತಾಸು, ಇಪ್ಪತ್ತೈದು ದಿನ. ಲೆಕ್ಕ ಹಾಕಿದರೆ ತಾಸಿಗೆ ಇಪ್ಪತ್ತೈದು ರೂಪಾಯಿ ಚಿಲ್ಲರೆ. ಮುಂದಿನದಕ್ಕೆ ಮೂರೂವರೆಗೆ ಕಡಿಮೆ ಕೊಡುವುದಿಲ್ಲ ಅಂತ ಹೇಳಿಬಿಟ್ಟಿದ್ದೇನೆ.

ಕಳಿಸುವ ಮೊದಲು ಅತ್ತೆಗೆ ತೋರಿಸಿದೆ. ಅವರು ಉಲ್ಟಾ ಮಾಡಿ ಉಗುರಿನಿಂದ ತಡವುತ್ತಾ ಹೋದರು. ಒಂದು ಕೂಡಿಕೆ ಸಿಕ್ಕಿತು. ಇನ್ನೊಂದು ಸಿಗಲಿಲ್ಲ. "ಹೊಟ್ಟಿ ತುಂಬ್ಸಿದಿ ಏನು?" ಅಂತ ಕೇಳಿದರು. ನಮ್ಮ ಮನೆಯಲ್ಲಿ ನಡುವಿನ ತುಂಡಿನೊಳಗೆ ನಾಲ್ಕು ಕಾಳು ಇಟ್ಟೇ ಮುಚ್ಚುವುದು. "ನಡುವಿನ ಪಟ್ಟಿಯ ನಡುವೆ ತೊಗರಿ ಇಟ್ಟೀನ್ರಿ" ಅಂದೆ. "ಜ್ವಾಳ ಇಡಬೇಕಿತ್ತು" ಅಂದರು.