ಬೇಡದ ಕ್ರೂಸ್ ಕಂಟ್ರೋಲ್ ಕಿತ್ತು ಹಾಕುವುದು ಹೇಗೆ?

ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದೆ, ಎಂಜಿನ್ ಸದ್ದು ಇಳಿಯಲೇ ಇಲ್ಲ. ಮುಂದೆ ಸಿಗ್ನಲ್, ಸಿಗ್ನಲ್‌ನಲ್ಲಿ ಹಳದಿ ಶಾಲಾ ಬಸ್ಸು. ಬ್ರೇಕ್ ಒತ್ತಿ ಹಿಡಿದೆ, ನ್ಯೂಟ್ರಲ್‌ಗೆ ಹಾಕಿದೆ, ಹೇಗೋ ಬದಿಗೆ ಉರುಳಿಸಿ ಕೀ ಆಫ್ ಮಾಡಿದೆ. ಬಾನೆಟ್ ಎತ್ತಿ ನೋಡಿದರೆ ಕಾರ್ಬ್ಯುರೇಟರ್‌ನ ಥ್ರಾಟಲ್ (ಎಂಜಿನ್ನಿಗೆ ಹೋಗುವ ಗಾಳಿಯ ಬಾಗಿಲು) ಲಿವರ್‌ಗೆ ಸಿಕ್ಕಿಸಿದ್ದ ಸಣ್ಣ ಮಣಿಸರ, ಅಂದರೆ ಮಣಿಮಣಿಯಾದ ಲೋಹದ ಸರಪಳಿ, ಪಕ್ಕದ ಬ್ರಾಕೆಟ್ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ಹಿಂದಿನ ಮಾಲೀಕ ಯಾವತ್ತೋ ತುಂಡಾದ ಸರಕ್ಕೆ ತಂತಿ ಸುತ್ತಿ ಗಂಟು ಹಾಕಿದ್ದ. ಆ ಗಂಟೇ ಸಿಕ್ಕಿದ್ದು.

ಗಾಡಿ 1979ರ ಶೆವರ್ಲೆ ಕ್ಯಾಪ್ರಿಸ್, 305 ಕ್ಯೂಬಿಕ್ ಇಂಚಿನ ವಿ8 ಎಂಜಿನ್. ಇರುವುದು ಅಮೆರಿಕದ ಓಹಾಯೋದಲ್ಲಿ, ನನ್ನ ಗ್ಯಾರೇಜಿನಲ್ಲಿ. ಆ ಮಣಿಸರ ಕ್ರೂಸ್ ಕಂಟ್ರೋಲಿನದು, ಅಂದರೆ ಪೆಡಲ್ ಒತ್ತದೆಯೇ ಗಾಡಿಯ ವೇಗವನ್ನು ಒಂದೇ ಸಮ ಹಿಡಿದಿಡುವ ವ್ಯವಸ್ಥೆಯದು. ನಾನು ಕೊಂಡ ದಿನದಿಂದ ಅದು ಒಂದು ದಿನವೂ ಕೆಲಸ ಮಾಡಿಲ್ಲ, ರಿಪೇರಿ ಮಾಡಿಸೋಣ ಅಂದರೆ ನನಗೆ ಬೇಕಾಗಿಯೂ ಇಲ್ಲ, ಊರೊಳಗೆ ಓಡಿಸುವ ಗಾಡಿಗೆ ಅದೆಲ್ಲ ಯಾಕೆ ಅಲ್ವಾ? ಸರಿ, ಕಿತ್ತು ಹಾಕಿದೆ. ಕೀಳುವುದಕ್ಕೆ ಹಿಡಿದಿದ್ದು ಅರ್ಧ ಗಂಟೆ. ಕಿತ್ತ ಜಾಗದ ತೂತುಗಳನ್ನು ಸರಿಯಾಗಿ ಮುಚ್ಚುವುದಕ್ಕೆ ಎರಡು ಶನಿವಾರ ಹೋಯಿತು. ಅದಕ್ಕೇ ಇಲ್ಲಿ ಮುಚ್ಚುವ ಕೆಲಸದ ಬಗ್ಗೆಯೇ ಜಾಸ್ತಿ ಬರೆದಿದ್ದೇನೆ.

ಮೊದಲು ಅದು ಕೆಲಸ ಮಾಡುವ ರೀತಿ ಗೊತ್ತಿರಲಿ. ಈ ಐಡಿಯಾ ಬಂದಿದ್ದು ರಾಲ್ಫ್ ಟೀಟರ್ ಎಂಬ ಇಂಡಿಯಾನಾದ ಎಂಜಿನಿಯರ್‌ಗೆ. ಐದನೇ ವಯಸ್ಸಿಗೇ ಕಣ್ಣು ಕಳೆದುಕೊಂಡವರು. ಆದರೆ ಪಕ್ಕದಲ್ಲಿ ಕೂತಾಗ ಗಾಡಿ ಜಗ್ಗುವುದು ಅವರಿಗೆ ಬೇರೆಯವರಿಗಿಂತ ಚೆನ್ನಾಗಿ ಗೊತ್ತಾಗುತ್ತಿತ್ತು. 1950ರಲ್ಲಿ ಪೇಟೆಂಟ್ ಸಿಕ್ಕಿತು, 1958ರಲ್ಲಿ ಕ್ರೈಸ್ಲರ್ ಕಾರುಗಳಲ್ಲಿ ಬಂತು. ನಮ್ಮ ಕಡೆಯ ಹಳೇ ಜೀಪುಗಳಲ್ಲಿ ಇದ್ದ ಹ್ಯಾಂಡ್ ಥ್ರಾಟಲ್ ನೆನಪಿದ್ದರೆ, ಅದು ಬರೀ ಥ್ರಾಟಲನ್ನು ಒಂದು ಕಡೆ ಹಿಡಿದಿಡುತ್ತಿತ್ತು, ಏರು ಬಂದರೆ ಗಾಡಿ ನಿಧಾನ ಆಗುತ್ತಿತ್ತು. ಕ್ರೂಸ್ ಕಂಟ್ರೋಲ್ ಹಿಡಿಯುವುದು ವೇಗವನ್ನು.

ಆ ಕಾಲದ ಜನರಲ್ ಮೋಟಾರ್ಸ್ ಗಾಡಿಗಳಲ್ಲಿ ನಾಲ್ಕು ತುಂಡುಗಳಿವೆ. ಇಂಡಿಕೇಟರ್ ಕಡ್ಡಿಯ ತುದಿಯಲ್ಲಿ ಒತ್ತುವ ಗುಂಡಿ. ಎಂಜಿನ್ ಕೋಣೆಯಲ್ಲಿ ಟ್ರಾನ್ಸ್‌ಡ್ಯೂಸರ್ ಎಂಬ, ಗಾಡಿಯ ವೇಗ ಗಮನಿಸುವ ಡಬ್ಬಿ, ಸ್ಪೀಡೋಮೀಟರ್ ಕೇಬಲ್ ಇದರ ಮೂಲಕವೇ ಹಾದು ಹೋಗುತ್ತದೆ. ಎಂಜಿನ್ ಪಕ್ಕದಲ್ಲಿ ಸರ್ವೋ, ಅಂದರೆ ರಬ್ಬರ್ ಪೊರೆ ಇರುವ ತಟ್ಟೆಯಂಥ ಡಬ್ಬಿ. ಎಂಜಿನ್ನಿನ ವ್ಯಾಕ್ಯೂಮ್ (ಗಾಳಿ ಹೀರುವ ಸೆಳೆತ) ಈ ಪೊರೆಯನ್ನು ಎಳೆದರೆ ಮಣಿಸರ ಥ್ರಾಟಲನ್ನು ಎಳೆಯುತ್ತದೆ. ಕೊನೆಗೆ ಬ್ರೇಕ್ ಪೆಡಲ್ ಹತ್ತಿರ ಒಂದು ಸ್ವಿಚ್, ಒಂದು ಗಾಳಿ ಬಿಡುವ ವಾಲ್ವ್, ಬ್ರೇಕ್ ಒತ್ತಿದಾಗ ಕ್ರೂಸ್ ನಿಲ್ಲಿಸುವುದು ಇವೇ.

ಶುರು ಮಾಡುವ ಮುಂಚೆ ಫೋಟೋ ತೆಗೆಯಿರಿ. ಒಂದಲ್ಲ, ಇಪ್ಪತ್ತು. ಪ್ರತಿ ಪೈಪಿನ ಎರಡೂ ತುದಿ ಕಾಣಬೇಕು. ಆಮೇಲೆ ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಈ ಗಾಡಿಗಳಲ್ಲಿ ಬ್ಯಾಟರಿ ಟರ್ಮಿನಲ್ ಮೇಲೆ ಇರುವುದಿಲ್ಲ, ಪಕ್ಕದಲ್ಲಿರುತ್ತದೆ, 5/16 ಇಂಚಿನ ಸ್ಪ್ಯಾನರ್ ಬೇಕು, 8 ಎಂಎಂ ಕೂಡ ಕೂರುತ್ತದೆ.

ಮೊದಲು ಮಣಿಸರ. ಥ್ರಾಟಲ್ ಲಿವರ್ ಕಡೆಯ ಕ್ಲಿಪ್ ಬಿಚ್ಚಿ. ಅಲ್ಲೇ ಪಕ್ಕದಲ್ಲಿ ಸ್ಪ್ರಿಂಗ್‌ಗಳಿರುತ್ತವೆ, ಒಂದೋ ಎರಡೋ. ಅವು ಕ್ರೂಸ್‌ಗೆ ಸೇರಿದ್ದಲ್ಲ, ಕಾಲು ತೆಗೆದಾಗ ಥ್ರಾಟಲನ್ನು ವಾಪಸ್ ಎಳೆಯುವ ಸ್ಪ್ರಿಂಗ್‌ಗಳು. ಮುಟ್ಟಬೇಡಿ. ಸರ ಬಿಚ್ಚಿದ ಮೇಲೆ ಯಾರಾದರೂ ಒಳಗೆ ಕೂತು ಪೆಡಲನ್ನು ನೆಲದವರೆಗೂ ಒತ್ತಲಿ, ನೀವು ಹೊರಗೆ ನಿಂತು ನೋಡಿ. ಲಿವರ್ ಪೂರ್ತಿ ತೆರೆಯಬೇಕು, ಬಿಟ್ಟ ತಕ್ಷಣ ಟಕ್ ಅಂತ ವಾಪಸ್ ಬರಬೇಕು. ನಿಧಾನವಾಗಿ ಬಂದರೆ ಕೆಲಸ ಅಲ್ಲಿಗೇ ನಿಲ್ಲಿಸಿ, ಮೊದಲು ಅದನ್ನು ಸರಿಮಾಡಿ. ಇಷ್ಟೇ ಮಾಡಿ ಉಳಿದದ್ದನ್ನು ಹಾಗೇ ಬಿಟ್ಟರೂ ನನ್ನ ಮಟ್ಟಿಗೆ ಅಪಾಯದ ಭಾಗ ಮುಗಿಯಿತು.

ಇನ್ನು ಸರ್ವೋ. ಎರಡು ಮೂರು ಬೋಲ್ಟ್, ಬಂದುಬಿಡುತ್ತದೆ. ಅದರ ಪೈಪನ್ನು ಹಿಡಿದು ಟ್ರಾನ್ಸ್‌ಡ್ಯೂಸರ್ ದಾಟಿ ಮುಂದೆ ಹೋದರೆ ಇಂಟೇಕ್ ಮ್ಯಾನಿಫೋಲ್ಡ್ (ಎಂಜಿನ್ನಿಗೆ ಗಾಳಿ, ಇಂಧನ ಹಂಚುವ ಭಾಗ) ಸಿಗುತ್ತದೆ. ಅಲ್ಲಿ ತೂತು ತೆರೆದಿಟ್ಟರೆ ಎಂಜಿನ್ ಅಲ್ಲಿಂದ ಗಾಳಿ ಎಳೆದುಕೊಂಡು ಐಡಲ್‌ನಲ್ಲಿ, ಅಂದರೆ ಪೆಡಲ್ ಒತ್ತದೆ ನಿಂತಾಗ, ಏರುಪೇರಾಗುತ್ತದೆ, ಸುಯ್ ಅಂತ ಸದ್ದು ಬರುತ್ತದೆ. ನಾನು ಮೊದಲು ಅಂಗಡಿಯಿಂದ ತಂದ ರಬ್ಬರ್ ಟೊಪ್ಪಿ ಹಾಕಿದೆ. ಎಂಜಿನ್ ಕಾವಿಗೆ ಅದು ಮೂರು ತಿಂಗಳಲ್ಲಿ ಸೀಳು ಬಿಟ್ಟಿತು. ಎರಡನೇ ಸಲ ಪೈಪು ಕೂರುವ ಆ ಮೂತಿಯನ್ನೇ ಬಿಚ್ಚಿ, ಅದೇ ಅಳತೆಯ ಹಿತ್ತಾಳೆ ಪ್ಲಗ್ ಹಾಕಿ ತಿರುಗಿಸಿದೆ. ಅದೇ ಸರಿ. ಒಂದು ಎಚ್ಚರ: ಅಲ್ಲಿಂದಲೇ ಬೇರೆ ಪೈಪುಗಳೂ ಹೊರಡುತ್ತವೆ. ದಪ್ಪ ಪೈಪು ಬ್ರೇಕ್ ಒತ್ತುವುದನ್ನು ಹಗುರ ಮಾಡುವ ಬ್ರೇಕ್ ಬೂಸ್ಟರ್‌ದು, ಇನ್ನೊಂದು ಎಸಿ ಗಾಳಿಯ ಬಾಗಿಲುಗಳನ್ನು ಆಡಿಸುತ್ತದೆ. ಅನುಮಾನ ಬಂದರೆ ಕತ್ತರಿಸಬೇಡಿ, ಇನ್ನೊಂದು ತುದಿ ಸಿಗುವವರೆಗೂ ಬೆರಳಲ್ಲಿ ಹಿಡಿದು ಹೋಗಿ.

ಬ್ರೇಕ್ ಪೆಡಲ್ ಹತ್ತಿರದ ಕೆಲಸಕ್ಕೆ ತಲೆ ಕೆಳಗೆ ಮಾಡಿ ಮಲಗಬೇಕು, ಬೆನ್ನು ನೋವಿರುವವರು ಮಗನನ್ನು ಕಳಿಸಿ. ರಬ್ಬರ್ ಪೈಪು ಸಿಕ್ಕಿಸಿದ ವಾಲ್ವ್ ಕ್ರೂಸ್‌ದು, ಅದನ್ನು ತೆಗೆಯಬಹುದು. ತಂತಿಗಳಿರುವ ಸ್ವಿಚ್ಚನ್ನು ಮಾತ್ರ ಬಿಡಿ. ಬ್ರೇಕ್ ದೀಪದ ಸ್ವಿಚ್ಚೂ ಕ್ರೂಸ್ ಸ್ವಿಚ್ಚೂ ಒಂದರಲ್ಲೇ ಇರಬಹುದು, ಕಿತ್ತರೆ ಹಿಂದೆ ಬರುವವನಿಗೆ ನಿಮ್ಮ ಬ್ರೇಕ್ ದೀಪ ಕಾಣುವುದಿಲ್ಲ. ಪೈಪು ಹಾದು ಬಂದ ಫೈರ್‌ವಾಲ್ (ಎಂಜಿನ್ ಕೋಣೆಗೂ ಕಾರಿನ ಒಳಕ್ಕೂ ನಡುವಿನ ತಗಡಿನ ಗೋಡೆ) ತೂತಿಗೆ ರಬ್ಬರ್ ಬಿರಡೆ ಹಾಕಿ. ಇಲ್ಲದಿದ್ದರೆ ಎಂಜಿನ್ ಹೊಗೆ, ಮಳೆ ನೀರು ಎರಡೂ ಒಳಗೆ ಬರುತ್ತವೆ.

ನಿಜವಾಗಿ ತಲೆ ತಿಂದಿದ್ದು ಟ್ರಾನ್ಸ್‌ಡ್ಯೂಸರ್. ಗಿಯರ್‌ಬಾಕ್ಸ್‌ನಿಂದ ಒಂದು ಕೇಬಲ್ ಇದಕ್ಕೆ ಬರುತ್ತದೆ, ಇನ್ನೊಂದು ಕೇಬಲ್ ಇಲ್ಲಿಂದ ಮೀಟರಿಗೆ ಹೋಗುತ್ತದೆ. ಡಬ್ಬಿ ತೆಗೆದರೆ ಮೀಟರ್ ಸತ್ತ ಹಾಗೆ. ಎರಡು ಕೇಬಲನ್ನೂ ತೆಗೆದು, ಕ್ರೂಸ್ ಇಲ್ಲದ ಅದೇ ಮಾಡೆಲ್‌ಗೆ ಬರುವ ಒಂದೇ ಉದ್ದನೆಯ ಕೇಬಲ್ ತರಬೇಕು. ಅಂದಾಜಿನಲ್ಲಿ ಆರ್ಡರ್ ಮಾಡಬೇಡಿ. ನಾನು ಮಾಡಿದೆ, ಒಂದು ಗೇಣು ಕಮ್ಮಿ ಬಂತು. ಒಂದು ಹಗ್ಗವನ್ನು ಕೇಬಲ್ ಹೋಗಬೇಕಾದ ದಾರಿಯಲ್ಲೇ ಹಾಯಿಸಿ ಅಳೆಯಿರಿ, ತಿರುವುಗಳು ಅಗಲವಾಗಿರಲಿ, ಎಕ್ಸಾಸ್ಟ್ ಪೈಪಿನಿಂದ ದೂರ ಇರಲಿ.

ಕಾರಿನ ಕೆಳಗೆ ಹೋಗಲೇಬೇಕು. ಬರೀ ಜ್ಯಾಕ್ ನಂಬಿ ಹೋಗಬೇಡಿ, ಸ್ಟ್ಯಾಂಡ್ ಇಡಿ. ಗಿಯರ್‌ಬಾಕ್ಸ್ ಕಡೆಯ ನಟ್ ಬಿಚ್ಚಿದಾಗ ಸ್ವಲ್ಪ ಎಣ್ಣೆ ತೊಟ್ಟಿಕ್ಕುತ್ತದೆ, ಗಾಬರಿ ಬೇಡ, ಒಂದು ತಟ್ಟೆ ಇಟ್ಟುಕೊಳ್ಳಿ. ಹೊಸ ಕೇಬಲ್ಲಿನ ಒಳತಂತಿ ಎಳೆದು ಕೇಬಲ್ ಗ್ರೀಸ್ ತೆಳ್ಳಗೆ ಸವರಿ, ಗಿಯರ್‌ಬಾಕ್ಸ್ ಕಡೆಯಿಂದ ಮುಕ್ಕಾಲು ಭಾಗಕ್ಕೆ ಮಾತ್ರ. ಮೀಟರ್ ಕಡೆ ಹಚ್ಚಿದರೆ ತಂತಿ ತಿರುಗುತ್ತಾ ತಿರುಗುತ್ತಾ ಗ್ರೀಸು ಮೀಟರ್ ಒಳಗೇ ಏರುತ್ತದೆ. ಒಳತಂತಿಯ ತುದಿ ಚೌಕ. ಅದು ತೂತಿಗೆ ಕೂತಿತೋ ಇಲ್ಲವೋ ಅಂತ ಬೆರಳಿಗೆ ಗೊತ್ತಾಗುತ್ತದೆ, ಕೂರದೆ ನಟ್ ಬಿಗಿದರೆ ತಂತಿ ಮುರಿಯುತ್ತದೆ.

ತಂತಿಗಳನ್ನು ಕತ್ತರಿಸಬೇಡಿ. ಪ್ಲಗ್ ಬಿಚ್ಚಿ, ತುದಿಗೆ ಟೇಪ್ ಸುತ್ತಿ, ಪಕ್ಕದ ತಂತಿ ಕಟ್ಟಿಗೆ ಸೇರಿಸಿ ಕಟ್ಟಿ. ಇಂಡಿಕೇಟರ್ ಕಡ್ಡಿಯನ್ನೂ ಹಾಗೇ ಬಿಡಿ. ಅದರ ತಂತಿ ಸ್ಟೀರಿಂಗ್ ಕಂಬದೊಳಗೆ ಇಳಿದಿದೆ, ಬರೀ ಅಂದಕ್ಕೋಸ್ಕರ ಅದನ್ನು ಎಳೆಯುತ್ತಾ ಕೂರುವುದು ದಂಡ.

ಇದೆಲ್ಲ ವ್ಯಾಕ್ಯೂಮ್ ಕಾಲದ ಗಾಡಿಗೆ. ನಿಮ್ಮದರಲ್ಲಿ ಗುಂಡಿಗಳು ಸ್ಟೀರಿಂಗ್ ಮೇಲಿದ್ದು ಏರ್‌ಬ್ಯಾಗ್ ಕೂಡ ಇದ್ದರೆ ಸ್ಟೀರಿಂಗ್ ಬಿಚ್ಚುವ ಸಾಹಸ ಬೇಡ. ಪೆಡಲ್‌ನಿಂದ ಕೇಬಲ್ಲೇ ಹೋಗದ, ಥ್ರಾಟಲ್ ಎಲೆಕ್ಟ್ರಾನಿಕ್ ಆಗಿರುವ ಕಾರಿನಲ್ಲಿ ಕೀಳುವುದಕ್ಕೆ ಬೇರೆ ಡಬ್ಬಿಯೇ ಇರುವುದಿಲ್ಲ. ಇನ್ನು ತೊಂಬತ್ತರ ದಶಕದ ಫೋರ್ಡ್ ಇಟ್ಟುಕೊಂಡವರು ಇದನ್ನು ಓದಿ. ಅವುಗಳಲ್ಲಿ ಕ್ರೂಸ್ ನಿಲ್ಲಿಸುವ ಸ್ವಿಚ್ಚನ್ನು ಬ್ರೇಕ್ ಎಣ್ಣೆಯ ದಾರಿಗೇ ತಿರುಗಿಸಿ ಕೂರಿಸಿದ್ದರು. ಒಳಗಿನ ಪೊರೆ ಸೀಳಿ ಎಣ್ಣೆ ಸೋರಿ, ಕೀ ತೆಗೆದು ನಿಲ್ಲಿಸಿದ ಗಾಡಿಗೂ ಬೆಂಕಿ ಹತ್ತಿದ್ದುಂಟು, ಯಾಕೆಂದರೆ ಆ ಸ್ವಿಚ್ಚಿಗೆ ಸದಾ ಕರೆಂಟು. 1999ರಿಂದ 2009ರವರೆಗೆ ಕಂತು ಕಂತಾಗಿ ಒಂದು ಕೋಟಿಗೂ ಹೆಚ್ಚು ಗಾಡಿಗಳನ್ನು ಕಂಪನಿ ವಾಪಸ್ ಕರೆಸಿತು. ನಿಮ್ಮದಕ್ಕೆ ಆ ರಿಪೇರಿ ಆಗಿದೆಯಾ ಅಂತ ಗಾಡಿಯ ವಿನ್ ನಂಬರ್ (ಪ್ರತಿ ಗಾಡಿಗೂ ಇರುವ ಗುರುತಿನ ಸಂಖ್ಯೆ) ಕೊಟ್ಟು ವಿಚಾರಿಸಿ. ಆ ಸ್ವಿಚ್ಚನ್ನು ನೀವೇ ಬಿಚ್ಚಿದರೆ ಬ್ರೇಕ್ ಎಣ್ಣೆ ಅಲ್ಲಿಂದಲೇ ಹೊರಗೆ.

ಎಲ್ಲ ಮುಗಿದ ಮೇಲೆ ಬ್ಯಾಟರಿ ಜೋಡಿಸಿ ಎಂಜಿನ್ ಶುರು ಮಾಡಿ, ಸುಯ್ ಸದ್ದು ಕೇಳುತ್ತದಾ ನೋಡಿ. ಬ್ರೇಕ್ ದೀಪ ನೋಡಿ. ಆಮೇಲೆ ಖಾಲಿ ರಸ್ತೆಗೆ ಹೋಗಿ, ಪಕ್ಕದಲ್ಲಿ ಕೂತವರು ಫೋನಿನ ಜಿಪಿಎಸ್ ವೇಗ ಓದಲಿ, ನೀವು ಮೀಟರ್ ನೋಡಿ. ಮುಳ್ಳು ಕುಣಿಯುತ್ತಿದ್ದರೆ ಕೇಬಲ್ ಎಲ್ಲೋ ಮಡಚಿದೆ. ನನ್ನದು ವೇಗ ಗಂಟೆಗೆ 40 ಮೈಲಿ ದಾಟಿದ ಮೇಲೆ ಕುಣಿಯಿತು, ಸ್ಟೀರಿಂಗ್ ಕಂಬದ ಹಿಂದೆ ತಿರುವು ಬಿಗಿಯಾಗಿತ್ತು, ಒಂದು ಕ್ಲಿಪ್ ಸಡಿಲಿಸಿದೆ, ನಿಂತಿತು.

ಬಿಚ್ಚಿದ ಸಾಮಾನನ್ನು ಎಸೆಯಬೇಡಿ. ಟ್ರಾನ್ಸ್‌ಡ್ಯೂಸರ್, ಸರ್ವೋ, ಎರಡು ಹಳೇ ಕೇಬಲ್, ಎಲ್ಲವನ್ನೂ ಒಂದು ರಟ್ಟಿನ ಡಬ್ಬಕ್ಕೆ ಹಾಕಿ ಮೇಲೆ ವರ್ಷ, ಮಾಡೆಲ್ ಬರೆದಿಟ್ಟಿದ್ದೇನೆ. ಗಾಡಿಯನ್ನು ಕಂಪನಿಯಿಂದ ಬಂದ ಹಾಗೇ ಇಡುವ ಹಠದವರು ಇಂಥದ್ದನ್ನೇ ಹುಡುಕುತ್ತಿರುತ್ತಾರೆ. ಮಣಿಸರವನ್ನು ಮಾತ್ರ ಹಾಕಲಿಲ್ಲ. ಅದು ಕಸಕ್ಕೆ ಹೋಯಿತು, ಗಂಟಿನ ಸಮೇತ.