ಸಿಗಾರ್ ಡಬ್ಬಿ ಅಂಚೆಗೆ ಹಾಕುವ ಮುನ್ನ

ಕೆಲವು ವರ್ಷಗಳ ಹಿಂದೆ ಬೇರೆ ದೇಶದಲ್ಲಿರುವ ಗೆಳೆಯನಿಗೆ ಮಗು ಹುಟ್ಟಿತು. ಖುಷಿಗೆ ಅಂತ ಒಂದು ಡಬ್ಬಿ ಸಿಗಾರ್ ಕಳಿಸಿದೆ. ಕಸ್ಟಮ್ಸ್ ಫಾರ್ಮಿನಲ್ಲಿ 'ಗಿಫ್ಟ್' ಅಂತ ಒಂದೇ ಪದ ಬರೆದೆ. ಏಳು ವಾರ ಸುದ್ದಿಯೇ ಇಲ್ಲ. ಆಮೇಲೆ ಡಬ್ಬಿ ನನ್ನ ಬಾಗಿಲಿಗೇ ವಾಪಸ್ ಬಂತು. ತೆರೆದು ನೋಡಿದರೆ ಎಲ್ಲ ಸಿಗಾರ್‌ಗಳ ಹೊರ ಎಲೆ ಒಣಗಿ ಉದ್ದಕ್ಕೂ ಸೀಳಿತ್ತು. ಮುಟ್ಟಿದರೆ ಪುಡಿ. ಕೈಯಲ್ಲಿ ಸುತ್ತಿದ ಒಂದೊಂದು ಸಿಗಾರಿನ ಹಿಂದೆ ಎಷ್ಟು ಜನರ ದುಡಿಮೆ ಇರುತ್ತದೆ ಎಂದು ಗೊತ್ತಿದ್ದವರಿಗೆ ಆ ನೋವು ಅರ್ಥವಾಗುತ್ತದೆ.

ಅಂದಿನಿಂದ ಈ ನಿಯಮಗಳನ್ನು ಕೂತು ಓದಿದ್ದೇನೆ. ಕಷ್ಟದ್ದೇನಲ್ಲ, ಆದರೆ ಒಂದು ಹೆಜ್ಜೆ ತಪ್ಪಿದರೂ ಡಬ್ಬಿ ದಾರಿಯಲ್ಲೇ ನಿಲ್ಲುತ್ತದೆ.

ಮೊದಲು ನೋಡಿ: ಅದು ಸಿಗಾರೇ ಹೌದಾ?

ಈ ಪ್ರಶ್ನೆ ಯಾಕೆ ಅಂದರೆ, ಬಹಳ ಕಡೆ ಸಿಗರೇಟಿಗೆ ಒಂದು ನಿಯಮ, ಸಿಗಾರಿಗೆ ಇನ್ನೊಂದು ನಿಯಮ. ಅಮೆರಿಕದ ಉದಾಹರಣೆ ತೆಗೆದುಕೊಳ್ಳಿ. ಅಲ್ಲಿ 'ಪ್ಯಾಕ್ಟ್' ಕಾಯ್ದೆ 2010ರ ಜೂನ್ 29ರಿಂದ ಜಾರಿಗೆ ಬಂತು. ಸಿಗರೇಟು ಮತ್ತು ಹೊಗೆರಹಿತ ತಂಬಾಕನ್ನು ಅಂಚೆಯಲ್ಲಿ ಕಳಿಸುವುದಕ್ಕೆ, ಕೆಲವು ಸಣ್ಣ ವಿನಾಯಿತಿ ಬಿಟ್ಟರೆ, ಅಂದಿನಿಂದ ತಡೆ ಇದೆ. 2021ರ ಅಕ್ಟೋಬರ್‌ನಲ್ಲಿ ಇ-ಸಿಗರೇಟು, ವೇಪ್ ಕೂಡ ಆ ಪಟ್ಟಿಗೆ ಸೇರಿದವು. ಆದರೆ ಸಿಗಾರನ್ನು ಆ ಕಾಯ್ದೆ ಹೊರಗಿಟ್ಟಿದೆ. ಹಾಗಾಗಿ ಅಮೆರಿಕದ ಒಳಗೆ ಸಿಗಾರನ್ನು ಅಂಚೆಯಲ್ಲಿ ಕಳಿಸಬಹುದು.

ಕಾನೂನಿನ ಕಣ್ಣಲ್ಲಿ ಸಿಗಾರ್ ಅಂದರೆ ತಂಬಾಕಿನ ಎಲೆಯಲ್ಲೇ, ಅಥವಾ ತಂಬಾಕು ಬೆರೆತ ಹಾಳೆಯಲ್ಲಿ ಸುತ್ತಿದ ತಂಬಾಕು. ಕಾಗದದಲ್ಲಿ ಸುತ್ತಿದರೆ ಅದು ಸಿಗರೇಟು. ಇಲ್ಲೊಂದು ಗುಂಡಿ ಇದೆ. ಕಂದು ಹಾಳೆ ಸುತ್ತಿದ, ಫಿಲ್ಟರ್ ಇರುವ, ಇಪ್ಪತ್ತರ ಪ್ಯಾಕಿನಲ್ಲಿ ಬರುವ ಸಣ್ಣ 'ಲಿಟ್ಲ್ ಸಿಗಾರ್'ಗಳು ನೋಡಲು ಸಿಗರೇಟಿನ ಹಾಗೇ ಇರುತ್ತವೆ. ರೂಪ, ಒಳಗಿನ ತಂಬಾಕು, ಪ್ಯಾಕಿಂಗ್ ಇವೆಲ್ಲ ಸೇರಿ ಜನ ಅದನ್ನು ಸಿಗರೇಟು ಅಂತಲೇ ಕೊಳ್ಳುವ ಹಾಗಿದ್ದರೆ, ಕಾನೂನು ಕೂಡ ಅದನ್ನು ಸಿಗರೇಟು ಅಂತಲೇ ಎಣಿಸುತ್ತದೆ. ಅಂಥದ್ದನ್ನು ಸಿಗಾರ್ ಎಂಬ ಧೈರ್ಯದಲ್ಲಿ ಅಂಚೆಗೆ ಹಾಕಬೇಡಿ.

ಎರಡನೆಯದು: ತಲುಪುವ ದೇಶದ ನಿಯಮ ಓದಿ

ನಿಮ್ಮ ಅಂಚೆ ಕಚೇರಿ ಒಪ್ಪಿದರೆ ಅರ್ಧ ಕೆಲಸ ಮಾತ್ರ ಆಯಿತು. ಆ ಕಡೆಯ ದೇಶವೂ ಒಪ್ಪಬೇಕು. ವಿಶ್ವ ಅಂಚೆ ಒಕ್ಕೂಟ 1874ರಿಂದ ಇದೆ, ದೇಶಗಳ ನಡುವೆ ಅಂಚೆ ಓಡಾಡುವುದು ಅದರ ಒಪ್ಪಂದದ ಮೇಲೆ. ಆದರೆ ಯಾವ ವಸ್ತು ಒಳಗೆ ಬರಬಹುದು ಎಂದು ತೀರ್ಮಾನಿಸುವುದು ಆಯಾ ದೇಶವೇ. ಪ್ರತಿ ದೇಶದ ನಿಷೇಧಿತ ವಸ್ತುಗಳ ಪಟ್ಟಿ ಅಂಚೆ ಇಲಾಖೆಗಳ ಜಾಲತಾಣದಲ್ಲಿ ಸಿಗುತ್ತದೆ. ಕಳಿಸುವ ವಾರದಲ್ಲೇ ಅದನ್ನು ಇನ್ನೊಮ್ಮೆ ನೋಡಿ. ಹೋದ ವರ್ಷ ಓದಿದ್ದನ್ನು ನಂಬಬೇಡಿ.

ದೇಶದಿಂದ ದೇಶಕ್ಕೆ ಎಷ್ಟು ವ್ಯತ್ಯಾಸ ನೋಡಿ. ಆಸ್ಟ್ರೇಲಿಯಾ 2019ರ ಜುಲೈ 1ರಿಂದ ಪರವಾನಗಿ ಇಲ್ಲದೆ ತಂಬಾಕು ತರಿಸುವುದನ್ನು ನಿಷೇಧಿಸಿತು. ಆದರೆ ಸಿಗಾರಿಗೆ ಪರವಾನಗಿ ಬೇಡ, ಸುಂಕ ಮಾತ್ರ ಕಟ್ಟಬೇಕು. ನ್ಯೂಜಿಲೆಂಡ್ 2020ರ ಜುಲೈ 1ರಿಂದ ಹೆಚ್ಚು ಕಡಿಮೆ ಇದೇ ದಾರಿ ಹಿಡಿಯಿತು, ಅಲ್ಲೂ ಸಿಗಾರ್ ಪರವಾನಗಿಯಿಂದ ಹೊರಗೆ. ಐರೋಪ್ಯ ಒಕ್ಕೂಟದಲ್ಲಿ ಗಡಿ ದಾಟಿ ಆನ್‌ಲೈನ್‌ನಲ್ಲಿ ತಂಬಾಕು ಮಾರುವುದನ್ನು ನಿಷೇಧಿಸುವ ಅಧಿಕಾರ ಪ್ರತಿ ಸದಸ್ಯ ದೇಶಕ್ಕೂ ಇದೆ. ಅಂದರೆ ಅಂಗಡಿಯಿಂದ ತರಿಸಿಕೊಳ್ಳುವುದು ಬೇರೆ, ಒಬ್ಬರು ಇನ್ನೊಬ್ಬರಿಗೆ ಉಡುಗೊರೆ ಕಳಿಸುವುದು ಬೇರೆ.

ಪ್ರಯಾಣಿಕರ ಮಿತಿಯನ್ನು ಅಂಚೆಯ ಮಿತಿ ಅಂದುಕೊಳ್ಳುವವರು ತುಂಬಾ ಜನ. ಬ್ರಿಟನ್‌ಗೆ ಹೋಗುವ ವಯಸ್ಕರು ಬೇರೆ ತಂಬಾಕು ಇಲ್ಲದಿದ್ದರೆ 50 ಸಿಗಾರ್ ಸುಂಕವಿಲ್ಲದೆ ಜೊತೆಗೆ ಒಯ್ಯಬಹುದು. ಅದು ಕೈಚೀಲದಲ್ಲಿ ಹೋಗುವ ಸಿಗಾರಿಗೆ ಮಾತ್ರ. ಅದೇ 50 ಸಿಗಾರ್ ಪಾರ್ಸೆಲ್‌ನಲ್ಲಿ ಹೋದರೆ ಒಂದಕ್ಕೂ ಆ ರಿಯಾಯಿತಿ ಸಿಗುವುದಿಲ್ಲ.

ವಯಸ್ಸನ್ನೂ ಮರೆಯಬೇಡಿ. ಅಮೆರಿಕದಲ್ಲಿ 2019ರ ಡಿಸೆಂಬರ್‌ನಿಂದ ತಂಬಾಕು ಮಾರಾಟಕ್ಕೆ ಕನಿಷ್ಠ ವಯಸ್ಸು 21. ತಂಬಾಕು ದೇಹಕ್ಕೆ ಕೆಡುಕು ಎಂಬುದರಲ್ಲಿ ಎರಡು ಮಾತಿಲ್ಲ, ಇಷ್ಟೆಲ್ಲ ಬಿಗಿ ಇರುವುದೂ ಅದಕ್ಕೇ. ಪಡೆಯುವವರು ವಯಸ್ಕರೇ ಆಗಿರಲಿ, ವಿಳಾಸದಲ್ಲಿ ಅವರ ಹೆಸರೇ ಇರಲಿ.

'ಗಿಫ್ಟ್' ಅಂದರೆ ಸುಂಕ ಇಲ್ಲ ಅಂತಲ್ಲ

ನಾನು ಎಡವಿದ್ದು ಇಲ್ಲೇ. ಉಡುಗೊರೆಗೆ ಬಹಳ ದೇಶಗಳಲ್ಲಿ ರಿಯಾಯಿತಿ ಇದೆ, ನಿಜ. ಆದರೆ ಆ ಸಾಲಿನ ಕೆಳಗೆ ಸಣ್ಣ ಅಕ್ಷರದಲ್ಲಿ 'ಮದ್ಯ ಮತ್ತು ತಂಬಾಕು ಹೊರತುಪಡಿಸಿ' ಎಂದಿರುತ್ತದೆ. ಕೆನಡಾದಲ್ಲಿ 60 ಕೆನಡಿಯನ್ ಡಾಲರ್‌ವರೆಗಿನ ಉಡುಗೊರೆಗೆ ಸುಂಕವಿಲ್ಲ, ತಂಬಾಕಿಗೆ ಅದು ಅನ್ವಯಿಸುವುದಿಲ್ಲ. ಬ್ರಿಟನ್‌ನಲ್ಲಿ 39 ಪೌಂಡ್‌ವರೆಗಿನ ಉಡುಗೊರೆಗೆ ತೆರಿಗೆ ಇಲ್ಲ, ಅಲ್ಲೂ ತಂಬಾಕು ಹೊರಗೆ. ಅಲ್ಲಿ ಸಿಗಾರಿನ ಅಬಕಾರಿ ಸುಂಕವನ್ನು ತೂಕದ ಮೇಲೆ ಹಾಕುತ್ತಾರೆ, ಉಡುಗೊರೆ ಆದರೂ ಕಟ್ಟಲೇಬೇಕು.

ಐರೋಪ್ಯ ಒಕ್ಕೂಟ ಸ್ವಲ್ಪ ಉದಾರ. ಹೊರಗಿನ ದೇಶದಿಂದ ಒಬ್ಬ ವ್ಯಕ್ತಿ ಇನ್ನೊಬ್ಬ ವ್ಯಕ್ತಿಗೆ ಹಣ ಪಡೆಯದೆ ಅಪರೂಪಕ್ಕೊಮ್ಮೆ ಕಳಿಸುವ, 45 ಯೂರೋ ಮೀರದ ಪಾರ್ಸೆಲ್‌ನಲ್ಲಿ 10 ಸಿಗಾರ್‌ವರೆಗೆ ವಿನಾಯಿತಿ ಇದೆ. ಅಥವಾ ತಲಾ 3 ಗ್ರಾಂ ಮೀರದ 25 ಸಿಗರಿಲ್ಲೊ, ಅಂದರೆ ಚಿಕ್ಕ ಸಿಗಾರ್. ಎರಡೂ ಪೂರ್ತಿ ಸೇರಿಸಿ ಕಳಿಸುವ ಹಾಗಿಲ್ಲ. ಯುರೋಪಿಗೆ ಕಳಿಸುವವರಿಗೆ ನನ್ನ ಸಲಹೆ: ಹತ್ತರೊಳಗೇ ಇರಲಿ. ಐದು ಒಳ್ಳೆಯ ಸಿಗಾರ್ ಸಾಕು, ಅಲ್ವಾ?

ಸುಂಕ ಬೀಳುವ ಕಡೆ ಅದನ್ನು ಕಟ್ಟುವವರು ಸಾಮಾನ್ಯವಾಗಿ ಪಡೆಯುವವರು. ಅವರಿಗೆ ಮೊದಲೇ ಒಂದು ಮಾತು ಹೇಳಿ. ಇಲ್ಲದಿದ್ದರೆ ನಿಮ್ಮ ಪ್ರೀತಿಯ ಉಡುಗೊರೆ ಅವರ ಕೈಗೆ ಬಿಲ್ಲಿನ ಸಮೇತ ಹೋಗುತ್ತದೆ. ಕಟ್ಟಲು ಒಪ್ಪದಿದ್ದರೆ ಡಬ್ಬಿ ವಾಪಸ್.

ಕ್ಯೂಬಾ ಎಂಬ ಪದ

ಸಿಗಾರ್ ಅಂದ ತಕ್ಷಣ ಕ್ಯೂಬಾ ನೆನಪಾಗುತ್ತದೆ. ಅಮೆರಿಕಕ್ಕೆ ಕಳಿಸುವಾಗ ಮಾತ್ರ ಈ ಹೆಸರು ದೊಡ್ಡ ತೊಡಕು. 1962ರ ಫೆಬ್ರವರಿಯಿಂದ ಕ್ಯೂಬಾದ ಮೇಲೆ ಅಮೆರಿಕದ ವ್ಯಾಪಾರ ನಿರ್ಬಂಧ ಇದೆ. 2016ರ ಅಕ್ಟೋಬರ್‌ನಲ್ಲಿ ಪ್ರಯಾಣಿಕರು ಸ್ವಂತ ಬಳಕೆಗೆ ಜೊತೆಯಲ್ಲಿ ತರಬಹುದು ಎಂದು ಸಡಿಲ ಮಾಡಿದರು. 2020ರ ಸೆಪ್ಟೆಂಬರ್‌ನಲ್ಲಿ ಅದನ್ನೂ ವಾಪಸ್ ತೆಗೆದುಕೊಂಡರು. ಅಂಚೆಯಲ್ಲಿ ಕಳಿಸಲು ಸಡಿಲಿಕೆ ಇದ್ದ ಕಾಲದಲ್ಲೂ ಅವಕಾಶ ಇರಲಿಲ್ಲ. ಮೂರನೇ ದೇಶದ ಅಂಗಡಿಯಲ್ಲಿ ಕೊಂಡರೂ ಅಷ್ಟೇ, ಉಡುಗೊರೆ ಆದರೂ ಅಷ್ಟೇ.

ಇದರಲ್ಲಿ ಇನ್ನೊಂದು ಗೊಂದಲ ಇದೆ. 1960ರಲ್ಲಿ ಕ್ಯೂಬಾ ಸರ್ಕಾರ ಸಿಗಾರ್ ಕಾರ್ಖಾನೆಗಳನ್ನು ವಶಪಡಿಸಿಕೊಂಡಿತು. ಹಲವು ಮಾಲೀಕರು ದೇಶ ಬಿಟ್ಟರು. ಹಳೆಯ ಹೆಸರುಗಳು ಡೊಮಿನಿಕನ್ ಗಣರಾಜ್ಯದಂಥ ಕಡೆ ಮತ್ತೆ ಹುಟ್ಟಿದವು. ಹಾಗಾಗಿ ಮಾಂಟೆಕ್ರಿಸ್ಟೊ, ಪಾರ್ಟಗಾಸ್ ಈ ಹೆಸರುಗಳಲ್ಲಿ ಕ್ಯೂಬಾದ ಸಿಗಾರೂ ಇದೆ, ಕ್ಯೂಬಾದ್ದಲ್ಲದ ಸಿಗಾರೂ ಇದೆ. ಕಸ್ಟಮ್ಸ್ ಅಧಿಕಾರಿ ಬರೀ ಬ್ರ್ಯಾಂಡ್ ಹೆಸರು ನೋಡಿದರೆ ಅನುಮಾನ ಬರುವುದು ಸಹಜ.

ಡಬ್ಬಿ ತಿರುಗಿಸಿ ಅಡಿಯನ್ನು ನೋಡಿ. 'ಎಚೊ ಎನ್ ಕೂಬಾ' ಎಂದು ಸ್ಪ್ಯಾನಿಷ್‌ನಲ್ಲಿ ಮುದ್ರೆ ಇದ್ದರೆ ಅದು ಕ್ಯೂಬಾದಲ್ಲಿ ಮಾಡಿದ್ದು. ಕ್ಯೂಬಾ ಡಬ್ಬಿಯ ಅಂಚಿಗೆ ಹಸಿರು ಖಾತರಿ ಚೀಟಿಯೂ ಅಂಟಿರುತ್ತದೆ, ಈ ಪದ್ಧತಿ 1889ರಿಂದ ಇದೆ. ಡೊಮಿನಿಕನ್ ಗಣರಾಜ್ಯ, ನಿಕರಾಗುವಾ, ಹೊಂಡುರಾಸ್ ಎಲ್ಲಿಯದೋ ಅದನ್ನೇ ಫಾರ್ಮಿನಲ್ಲಿ 'ಮೂಲ ದೇಶ' ಅಂಕಣದಲ್ಲಿ ಬರೆಯಿರಿ. ಬಿಲ್ಲಿನ ಪ್ರತಿ ಜೊತೆಗಿಟ್ಟರೆ ಇನ್ನೂ ಒಳ್ಳೆಯದು.

ಫಾರ್ಮ್ ತುಂಬುವ ಬಗೆ

ಬೇರೆ ದೇಶಕ್ಕೆ ಹೋಗುವ ಪಾರ್ಸೆಲ್‌ಗೆ ಕಸ್ಟಮ್ಸ್ ಘೋಷಣೆ ಬೇಕೇ ಬೇಕು. ಅದಕ್ಕೆ ಎರಡು ಫಾರ್ಮ್ ಇವೆ: ಸಿಎನ್ 22 ಮತ್ತು ಸಿಎನ್ 23. ಸಿಎನ್ 22 ಚಿಕ್ಕದು, 300 ಎಸ್‌ಡಿಆರ್ ಮೌಲ್ಯದವರೆಗಿನ ಸಣ್ಣ ಕಟ್ಟಿಗೆ. ಎಸ್‌ಡಿಆರ್ ಅಂದರೆ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಘಟಕ. 300 ಅಂದರೆ ಸುಮಾರು 400 ಅಮೆರಿಕನ್ ಡಾಲರ್. ಅದಕ್ಕಿಂತ ಜಾಸ್ತಿ ಆದರೆ ಸಿಎನ್ 23. ಈಗ ಬಹಳ ಕಡೆ ಇದನ್ನು ಮನೆಯಲ್ಲೇ ಆನ್‌ಲೈನ್‌ನಲ್ಲಿ ತುಂಬಿ ಪ್ರಿಂಟ್ ತೆಗೆದು ಒಯ್ಯಬಹುದು. ಪಾರ್ಸೆಲ್ ಹೊರಡುವ ಮೊದಲೇ ಈ ವಿವರ ಕಂಪ್ಯೂಟರಿನಲ್ಲಿ ಆ ದೇಶಕ್ಕೆ ತಲುಪಿರಬೇಕು ಎಂಬ ನಿಯಮ ಐರೋಪ್ಯ ಒಕ್ಕೂಟದಲ್ಲೂ ಅಮೆರಿಕದಲ್ಲೂ ಇದೆ.

ವಸ್ತುವಿನ ವಿವರ ಬರೆಯುವ ಕಡೆ 'ಗಿಫ್ಟ್' ಬೇಡ, 'ತಂಬಾಕು' ಎಂದಷ್ಟೇ ಬರೆದರೂ ಸಾಲದು. ಹೀಗೆ ಬರೆಯಿರಿ: 'ಕೈಯಲ್ಲಿ ಸುತ್ತಿದ ಸಿಗಾರ್, 5, ನಿವ್ವಳ ತೂಕ 75 ಗ್ರಾಂ, ಮೂಲ ದೇಶ ನಿಕರಾಗುವಾ.' ಭಾಷೆ ಇಂಗ್ಲಿಷ್ ಅಥವಾ ಫ್ರೆಂಚ್ ಇರಲಿ, ಇಲ್ಲವೇ ತಲುಪುವ ದೇಶ ಒಪ್ಪುವ ಭಾಷೆ. ಉಡುಗೊರೆ ಎಂದು ಹೇಳಲು ಬೇರೆಯೇ ಚೌಕ ಇದೆ, ಅಲ್ಲಿ ಟಿಕ್ ಹಾಕಿ.

ಎಚ್‌ಎಸ್ ಕೋಡ್ ಕೇಳುವ ಅಂಕಣವನ್ನು ಖಾಲಿ ಬಿಡಬೇಡಿ. ಲೋಕದ ಎಲ್ಲ ಕಸ್ಟಮ್ಸ್‌ಗೂ ಅರ್ಥವಾಗುವ ಆರು ಅಂಕಿಯ ಗುರುತು ಅದು. ಸಿಗಾರ್, ಚುಟ್ಟಾ, ಸಿಗರಿಲ್ಲೊ ಮೂರಕ್ಕೂ 2402.10. ಸಿಗರೇಟಿಗೆ 2402.20. ಒಂದೇ ಅಂಕಿಯ ವ್ಯತ್ಯಾಸ! ಆ ಒಂದು ಅಂಕಿ ತಪ್ಪಿದರೆ ನಿಮ್ಮ ಸಿಗಾರ್ ಕಾಗದದಲ್ಲಿ ಸಿಗರೇಟಾಗುತ್ತದೆ. ಸಿಗರೇಟಿಗೆ ಬಾಗಿಲು ಹಾಕಿರುವ ದೇಶದಲ್ಲಿ ಪಾರ್ಸೆಲ್ ಅಲ್ಲೇ ನಿಲ್ಲುತ್ತದೆ.

ಬೆಲೆಯನ್ನು ಕಡಿಮೆ ಬರೆಯುವ ಆಸೆ ಬರುತ್ತದೆ. ದಯವಿಟ್ಟು ಬೇಡ. ಫಾರ್ಮಿನ ಕೊನೆಯಲ್ಲಿ ವಿವರ ಸರಿಯಿದೆ, ನಿಷೇಧಿತ ವಸ್ತು ಇಲ್ಲ ಎಂದು ನೀವು ಸಹಿ ಹಾಕುತ್ತೀರಿ. ಸುಳ್ಳು ಸಿಕ್ಕಿಬಿದ್ದರೆ ಮುಟ್ಟುಗೋಲು, ದಂಡ. ಸಿಕ್ಕಿಬೀಳದೆ ಡಬ್ಬಿ ಕಳೆದುಹೋದರೆ? ವಿಮೆ ಮಾಡಿಸಿದ್ದರೂ ನೀವು ಬರೆದ ಬೆಲೆಗಿಂತ ಒಂದು ಪೈಸೆ ಜಾಸ್ತಿ ಸಿಗುವುದಿಲ್ಲ. ತಲುಪಿಸಲು ಆಗದಿದ್ದರೆ ಏನು ಮಾಡಬೇಕು ಎಂದು ಪಾರ್ಸೆಲ್ ಕಾಗದದಲ್ಲಿ ಕೇಳಿರುತ್ತಾರೆ: ವಾಪಸ್ ಕಳಿಸುವುದೋ, ಬಿಟ್ಟುಬಿಡುವುದೋ. ವಾಪಸ್ ಬರುವ ಖರ್ಚು ನಿಮ್ಮ ಮೇಲೆ ಬೀಳಬಹುದು, ಯೋಚಿಸಿ ಗುರುತು ಹಾಕಿ.

ಕಟ್ಟುವ ಕೆಲಸ

ಸಿಗಾರ್ ನೆಮ್ಮದಿಯಾಗಿರುವುದು ಗಾಳಿಯ ತೇವ ಶೇ 65ರಿಂದ 70, ಶಾಖ 18ರಿಂದ 21 ಡಿಗ್ರಿ ಸೆಲ್ಸಿಯಸ್ ಇದ್ದಾಗ. ದಾರಿಯಲ್ಲಿ ಅದು ಸಿಗುವುದಿಲ್ಲ. ಗೋದಾಮಿನ ಸೆಕೆ, ಒಣ ಗಾಳಿ, ಚಳಿ ಎಲ್ಲವನ್ನೂ ದಾಟಬೇಕು. ಒಳಗಿನ ತುಂಬುವ ಎಲೆಗಿಂತ ಹೊರಗಿನ ಎಲೆ ತೆಳು. ಅದು ಬೇಗ ಒಣಗಿ ಕುಗ್ಗುತ್ತದೆ, ಒಳಗಿನದು ಹಾಗೇ ಇರುತ್ತದೆ, ಎಲೆ ಸೀಳುತ್ತದೆ. ನನ್ನ ಡಬ್ಬಿಗೆ ಆಗಿದ್ದು ಇದೇ.

ಅದಕ್ಕೆ ಪ್ರತಿ ಸಿಗಾರ್ ಸೆಲೊಫೇನ್ ಕವಚದಲ್ಲೇ ಇರಲಿ. ಎಲ್ಲವನ್ನೂ ಜಿಪ್ ಲಾಕ್ ಕವರಿಗೆ ಹಾಕಿ, ಜೊತೆಗೆ ಶೇ 65 ಅಥವಾ 69ರ ತೇವದ ಪ್ಯಾಕೆಟ್ ಒಂದನ್ನು ಇಡಿ. ತೇವ ಕಡಿಮೆಯಾದರೆ ಬಿಡುವ, ಜಾಸ್ತಿಯಾದರೆ ಹೀರುವ ಪ್ಯಾಕೆಟ್ ಅದು. ಒದ್ದೆ ಸ್ಪಂಜು, ಒದ್ದೆ ಬಟ್ಟೆ ಖಂಡಿತ ಬೇಡ, ಬೂಸ್ಟು ಹಿಡಿಯುತ್ತದೆ. ಕವರನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ಅಲುಗಾಡದ ಹಾಗೆ ಸುತ್ತ ಬಬಲ್ ರ‍್ಯಾಪ್ ತುರುಕಿ, ಆಮೇಲೆ ರಟ್ಟಿನ ಪೆಟ್ಟಿಗೆಗೆ ಹಾಕಿ.

ಮೂಲ ಮರದ ಡಬ್ಬಿಯಲ್ಲೇ ಕಳಿಸಬಹುದಾ ಎಂದು ಕೇಳುತ್ತಾರೆ. ಕಳಿಸಬಹುದು. ಕಚ್ಚಾ ಮರದ ಪೆಟ್ಟಿಗೆಯಲ್ಲಿ ಕೀಟ ಬರುತ್ತದೆ ಎಂದು ಐಎಸ್‌ಪಿಎಂ 15 ಎಂಬ ಅಂತರರಾಷ್ಟ್ರೀಯ ನಿಯಮ ಇದೆ, ಮರವನ್ನು ಕಾಯಿಸಿ ಮುದ್ರೆ ಹಾಕಿರಬೇಕು. ಕೀಟ ಉಳಿಯದ ಹಾಗೆ ಸಂಸ್ಕರಿಸಿದ ಸಿಗಾರ್ ಡಬ್ಬಿಗೆ, ವೈನ್ ಉಡುಗೊರೆ ಡಬ್ಬಿಗೆ ಆ ನಿಯಮದಲ್ಲೇ ಹೆಸರು ಹೇಳಿ ವಿನಾಯಿತಿ ಕೊಟ್ಟಿದ್ದಾರೆ.

ಲೈಟರ್ ಜೊತೆಗಿಡಬೇಡಿ. ಬೆಂಕಿಕಡ್ಡಿಯನ್ನೂ ಬೇಡ. ಗ್ಯಾಸ್ ತುಂಬಿದ ಲೈಟರ್ ವಿಮಾನದ ಅಂಚೆಗೆ ಅಪಾಯಕಾರಿ ವಸ್ತು. ಸಿಗಾರ್ ಸರಿಯಿದ್ದರೂ ಇಡೀ ಪೆಟ್ಟಿಗೆ ನಿಲ್ಲಿಸುತ್ತಾರೆ.

ಕೊಟ್ಟ ಮೇಲೆ

ಕೌಂಟರ್‌ನಲ್ಲಿ ಒಳಗೇನಿದೆ ಎಂದು ಕೇಳಿದರೆ ಸಿಗಾರ್ ಎಂದೇ ಹೇಳಿ. ಟ್ರ್ಯಾಕಿಂಗ್ ಇರುವ, ಬೇಗ ಹೋಗುವ ಸೇವೆ ಆರಿಸಿ, ಸುಮ್ನೆ ನಾಲ್ಕು ಕಾಸು ಉಳಿಸಲು ಹೋಗಬೇಡಿ. ವಾರಾಂತ್ಯಕ್ಕೆ ಸಿಕ್ಕಿ ಗೋದಾಮಿನಲ್ಲಿ ಕೂರದ ಹಾಗೆ ವಾರದ ಮೊದಲಲ್ಲೇ ಕಳಿಸಿ. ಖಾಸಗಿ ಕೊರಿಯರ್ ಆದರೆ ಮೊದಲೇ ವಿಚಾರಿಸಿ. ಕಾನೂನು ಬಿಟ್ಟರೂ ಜನಸಾಮಾನ್ಯರಿಂದ ತಂಬಾಕು ತೆಗೆದುಕೊಳ್ಳದ ಕಂಪನಿಗಳಿವೆ. ರಸೀದಿ, ಫಾರ್ಮಿನ ಫೋಟೊ, ಬಿಲ್ ಮೂರನ್ನೂ ಒಂದೇ ಕಡೆ ಇಟ್ಟುಕೊಳ್ಳಿ. ಕಸ್ಟಮ್ಸ್‌ನಿಂದ ಪತ್ರ ಬಂದರೆ ಅವರು ಕೇಳುವುದು ಇವನ್ನೇ.

ಆ ಕಡೆ ಪೆಟ್ಟಿಗೆ ತೆರೆದ ತಕ್ಷಣ ಹಚ್ಚಬೇಡಿ ಎಂದು ಗೆಳೆಯರಿಗೆ ತಿಳಿಸಿ. ಎಲೆಯಲ್ಲಿ ಸಣ್ಣ ದುಂಡು ತೂತು, ಕೆಳಗೆ ಸಣ್ಣ ಪುಡಿ ಕಂಡರೆ ತಂಬಾಕು ಹುಳು ಬಂದಿದೆ ಎಂದರ್ಥ. ಅಂಥದ್ದನ್ನು ಬೇರೆ ಸಿಗಾರ್‌ಗಳ ಹತ್ತಿರ ಇಡಬಾರದು. ಎಲ್ಲ ಸರಿಯಿದ್ದರೆ ಹ್ಯುಮಿಡರ್ ಎಂಬ ತೇವ ಕಾಯುವ ಸಿಗಾರ್ ಪೆಟ್ಟಿಗೆಯಲ್ಲೋ ತೇವದ ಪ್ಯಾಕೆಟ್ ಇರುವ ಮುಚ್ಚಿದ ಡಬ್ಬಿಯಲ್ಲೋ ಎರಡು ವಾರ ಸುಮ್ಮನೆ ಬಿಡಲಿ.