ಹಸುವಿನ ಹತ್ತಿರ ಕೂರಲಾಗದ ಹುಡುಗ

"ಸಾರ್, ಊಟಕ್ಕೆ ಚಕ್ಕಳಮಕ್ಕಳ ಹಾಕಿ ಚೆನ್ನಾಗಿ ಕೂರ್ತಾನೆ. ಹಾಲು ಕರೆಯೋಕೆ ಕುಕ್ಕರಗಾಲಲ್ಲಿ ಕೂರು ಅಂದ್ರೆ ಆಗಲ್ಲ ಅಂತಾನೆ. ಸೋಮಾರಿತನ ಅಂತ ಬೈತಿದ್ದೆ." ಆ ತಾಯಿ ಹೇಳಿದ ಈ ಮಾತಿನಲ್ಲೇ ಅರ್ಧ ಕಾಯಿಲೆ ಗೊತ್ತಾಯಿತು.

ಹುಡುಗನಿಗೆ 16 ವರ್ಷ. 12ನೇ ವಯಸ್ಸಿನಲ್ಲಿ ಮಂಡಿ ನೋವು ಅಂತ ಶುರುವಾಗಿತ್ತು. ಬೆಳೆಯೋ ವಯಸ್ಸಿನ ನೋವು ಅಂದುಕೊಂಡು ಮಂಡಿಗೆ ಬೆಲ್ಟ್ ಹಾಕಿಸಿ ತಿಂಗಳುಗಟ್ಟಲೆ ಕಳೆದಿದ್ದರು. ಸೊಂಟದ ಕೀಲಿಗೂ ಮಂಡಿಗೂ ಹೋಗುವ ಕೆಲವು ನರಗಳು ಒಂದೇ. ಹಾಗಾಗಿ ಸೊಂಟದ ಕೀಲು ಕೆಟ್ಟರೂ ಮಂಡಿ ನೋಯಬಹುದು. ಕುಂಟುತ್ತಾ ಬಂದ ಮಗು ಮಂಡಿ ತೋರಿಸಿದರೆ ಸೊಂಟದ ಎಕ್ಸ್‌ರೇ ತೆಗೆಸಲೇಬೇಕು. ಇದನ್ನು ಎಷ್ಟು ಸಲ ಹೇಳಿದರೂ ಜಾಸ್ತಿ ಆಗಲ್ಲ.

ಇವನಿಗೆ ತೊಡೆಮೂಳೆಯ ತುದಿಯ ಚೆಂಡು ಗ್ರೋತ್ ಪ್ಲೇಟ್ (ಮೂಳೆ ಬೆಳೆಯುವ ಮೃದು ಪದರ) ಹತ್ತಿರ ಜಾರಿತ್ತು, ಮಡಕೆ ಮೇಲಿನ ಮುಚ್ಚಳ ಸರಿದ ಹಾಗೆ. ಆಗ ಒಂದು ಸ್ಕ್ರೂ ಹಾಕಿ ಜಾರುವುದನ್ನು ನಿಲ್ಲಿಸಿದ್ದರು. ಅದು ಸರಿಯಾದ ಚಿಕಿತ್ಸೆಯೇ. ಆದರೆ ಜಾರಿದ ಜಾಗದ ಮುಂಭಾಗದಲ್ಲಿ ಒಂದು ಉಬ್ಬು ಉಳಿದುಬಿಟ್ಟಿತು. ಮಂಡಿಯನ್ನು ಎದೆ ಕಡೆ ಮಡಿಸಿದರೆ ಆ ಉಬ್ಬು, ಚೆಂಡು ಕೂರುವ ಸೊಂಟದ ಬಟ್ಟಲಿನ ಅಂಚಿಗೆ ಗುದ್ದುತ್ತಿತ್ತು, ಕಾಲು ತಾನಾಗೇ ಹೊರಗೆ ತಿರುಗುತ್ತಿತ್ತು. ಚಕ್ಕಳಮಕ್ಕಳಕ್ಕೆ ಕಾಲು ಹೊರಗೆ ತಿರುಗಿದರೆ ಸಾಕು, ಕುಕ್ಕರಗಾಲಿಗೆ ಸಾಲದು, ಅಲ್ವಾ?

ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ಹಾಕಿ ಆ ಉಬ್ಬನ್ನು ಉಜ್ಜಿ ತೆಗೆಯಬಹುದು. ಆದರೆ ಈ ಕೀಹೋಲ್ ಸರ್ಜರಿ ಎಲ್ಲರಿಗೂ ಹೊಂದುವುದಿಲ್ಲ. ಚೆಂಡು ತುಂಬಾ ಜಾರಿದ್ದರೆ ಮೂಳೆ ಕತ್ತರಿಸಿ ದಿಕ್ಕು ಸರಿ ಮಾಡಬೇಕಾಗಬಹುದು. ಬಟ್ಟಲೇ ಆಳವಿಲ್ಲದಿದ್ದರೆ ಬರೀ ಉಜ್ಜಿ ಬಂದರೆ ಕೀಲು ಇನ್ನೂ ಸಡಿಲವಾಗುತ್ತದೆ. ಇವನದು ಸ್ವಲ್ಪವೇ ಜಾರಿತ್ತು, ಗ್ರೋತ್ ಪ್ಲೇಟ್ ಪೂರ್ತಿ ಮುಚ್ಚಿತ್ತು. ಧೈರ್ಯ ಮಾಡಿದೆ.

1931ರಲ್ಲಿ ನ್ಯೂಯಾರ್ಕಿನ ಮೈಕೆಲ್ ಬರ್ಮನ್ ಶವಗಳ ಕೀಲಿನೊಳಗೆ ಒಳಗನ್ನು ನೋಡುವ ಕೊಳವೆ ಹಾಕಿ ನೋಡಿದ್ದರು. ಸೊಂಟದಲ್ಲಿ ಚೆಂಡು ಬಟ್ಟಲಿನ ನಡುವೆ ಸೂಜಿ ತೂರಿಸೋದೇ ಅಸಾಧ್ಯ ಅಂತ ಬರೆದರು. ಕಾಲು ಎಳೆಯದಿದ್ದರೆ ಇಂದಿಗೂ ಅದು ನಿಜ. ಪಾದಕ್ಕೆ ದಪ್ಪ ಹತ್ತಿ ಸುತ್ತಿ, ಟ್ರಾಕ್ಷನ್ ಟೇಬಲ್ಲಿನಲ್ಲಿ ಮೆಲ್ಲಗೆ ಎಳೆದೆವು. ಸಿ-ಆರ್ಮ್ (ಆಪರೇಷನ್ ವೇಳೆ ಎಕ್ಸ್‌ರೇ ತೋರಿಸುವ ಯಂತ್ರ) ಪರದೆ ಮೇಲೆ ಸುಮಾರು 1 ಸೆಂಟಿಮೀಟರ್ ಸಂದು ತೆರೆಯಿತು. ಓಟಿಯ ಸಿಸ್ಟರ್ ಗಡಿಯಾರ ನೋಡಿ ಬರೆದಿಟ್ಟರು. ಎಳೆತ 2 ಗಂಟೆ ದಾಟಬಾರದು. ನನ್ನ ಆರಂಭದ ದಿನಗಳಲ್ಲಿ ಒಬ್ಬ ಹುಡುಗಿಗೆ ಎಳೆತ ಹೆಚ್ಚು ಹೊತ್ತಾಗಿ, ತೊಡೆ ಸಂದಿನಲ್ಲಿ ಆರು ವಾರ ಮರಗಟ್ಟಿತ್ತು. ಪೂರ್ತಿ ವಾಸಿಯಾಯಿತು. ಆದರೆ ಆ ಆರು ವಾರ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಅಂದಿನಿಂದ ಪ್ರತಿ 15 ನಿಮಿಷಕ್ಕೆ ಸಮಯ ಕೂಗಿ ಹೇಳಿಸುತ್ತೇನೆ.

ಒಳಗೆ ಬಟ್ಟಲಿನ ಅಂಚಿನ ಮೆತ್ತನೆಯ ಪಟ್ಟಿ ಹಳೇ ಪಂಚೆಯ ಅಂಚಿನಂತೆ ನೂಲು ನೂಲಾಗಿತ್ತು. ಅದನ್ನು ಸರಿಪಡಿಸಿ, ಎಳೆತ ಬಿಟ್ಟು, ಕಾಲು ಮಡಿಸಿ ಉಬ್ಬಿನ ಹತ್ತಿರ ಹೋದೆ. ಬರ್ (ಮೂಳೆ ಉಜ್ಜುವ ತಿರುಗುವ ಉಪಕರಣ) ತಿರುಗಿದಾಗ ಮೂಳೆ ಪುಡಿ ಸಲೈನಿನಲ್ಲಿ ಅಕ್ಕಿ ತೊಳೆದ ನೀರಿನಂತೆ ತೇಲಿತು. ಇಲ್ಲಿ ಅವಸರ ಕೂಡದು. ಕಡಿಮೆ ಉಜ್ಜಿದರೆ ಮತ್ತೆ ಗುದ್ದುತ್ತದೆ. ಚೆಂಡಿನ ಕೆಳಗಿನ ತೊಡೆಮೂಳೆಯ ಕತ್ತಿನ ದಪ್ಪದಲ್ಲಿ 30%ಗಿಂತ ಜಾಸ್ತಿ ತೆಗೆದರೆ ಮೂಳೆ ಮುರಿಯುವ ಭಯ. ಮೇಲೆ ಹಿಂಭಾಗದಲ್ಲಿ ಚೆಂಡಿಗೆ ರಕ್ತ ಕೊಡುವ ಸಣ್ಣ ನಾಳಗಳಿವೆ, ಆ ಕಡೆ ಬರ್ ಒಯ್ಯುವುದೇ ಇಲ್ಲ. ಸ್ವಲ್ಪ ಉಜ್ಜಿ, ಕಾಲು ಮಡಿಸಿ, ಒಳಕ್ಕೆ ತಿರುಗಿಸಿ ನೋಡುತ್ತಾ ಹೋದೆ. ನಾಲ್ಕನೇ ಸಲ ತಡೆ ಇಲ್ಲದೆ ತಿರುಗಿತು.

ಮಾರನೇ ದಿನವೇ ಫಿಸಿಯೋ ಶುರು. ನಾಲ್ಕು ವಾರ ಊರುಗೋಲು.

ಆರು ತಿಂಗಳಿಗೆ ಬಂದಾಗ ಅವನು ಹೇಳದೆಯೇ ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತು ತೋರಿಸಿದ. ಹಿಮ್ಮಡಿ ಇನ್ನೂ ಸ್ವಲ್ಪ ಮೇಲೇ ಇತ್ತು. ಒಳಕ್ಕೆ ತಿರುಗುವುದು ಇನ್ನೊಂದು ಕಾಲಿನಷ್ಟಿಲ್ಲ. ಚೆಂಡಿನ ಆಕಾರ ಹುಟ್ಟಿನಂತೆ ಆಗಿಲ್ಲ, ವರ್ಷಕ್ಕೊಮ್ಮೆ ಎಕ್ಸ್‌ರೇ ಬೇಕು ಅಂತ ತಾಯಿಗೆ ಹೇಳಿದೆ. "ಆಯ್ತು ಸಾರ್," ಅಂದರು, "ಈಗ ಎರಡು ಹಸು ಅವನೇ ಕರೀತಾನೆ."